ಹೊಗೆ ತಣಿಯದಂತೆ ಕಾಯುವ ಕೊಳವೆ

ಸೌದೆ ಒಲೆಯ ಚಿಮಣಿಯೊಳಗೆ ಇನ್ನೊಂದು ಕೊಳವೆ ಇರುತ್ತದೆ. ಅದೇ ಲೈನರ್. ಅಮೆರಿಕ, ಕೆನಡಾ, ಉತ್ತರ ಯೂರೋಪಿನಂಥ ಚಳಿನಾಡುಗಳ ಹಳೆಯ ಮನೆಗಳಲ್ಲಿ ಅದು ಸುಟ್ಟ ಜೇಡಿಮಣ್ಣಿನದು. ಈಗ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯನ್ನು ಮೇಲಿನಿಂದ ಇಳಿಬಿಡುತ್ತಾರೆ. ಇಟ್ಟಿಗೆಯ ಸಂದುಗಳಿಂದ ಶಾಖವೂ ವಿಷಾನಿಲವೂ ಮನೆಯೊಳಗೆ ನುಸುಳದಂತೆ ತಡೆಯುವುದು ಲೈನರಿನ ಒಂದು ಕೆಲಸ. ಹೊರಬೀಳುವ ತನಕ ಹೊಗೆಯನ್ನು ಬಿಸಿಯಾಗಿ ಇಡುವುದು ಇನ್ನೊಂದು. ನಿರ್ವಹಣೆಯ ತಾಪತ್ರಯಗಳೆಲ್ಲ ಬಹುಮಟ್ಟಿಗೆ ಈ ಎರಡನೆಯ ಕೆಲಸ ಕೆಟ್ಟಾಗಲೇ ಶುರುವಾಗುತ್ತವೆ.

ಸೌದೆಯ ಹೊಗೆಯಲ್ಲಿ ಅಡಗಿರುವ ನೀರಿನ ಲೆಕ್ಕ ಬೆರಗು ಹುಟ್ಟಿಸುವಂಥದ್ದು. ಹನಿ ತೇವವೂ ಉಳಿಯದಂತೆ ಒಣಗಿಸಿದ ಕಟ್ಟಿಗೆಯ ತೂಕದಲ್ಲೂ ಸುಮಾರು ಶೇಕಡಾ 6ರಷ್ಟು ಜಲಜನಕ ಇರುತ್ತದೆ. ಉರಿಯುವಾಗ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ತನ್ನ 9 ಪಟ್ಟು ತೂಕದ ನೀರಾಗುತ್ತದೆ. ಹಾಗಾಗಿ ಒಂದು ಕಿಲೋ ಒಣ ಸೌದೆ ಸುಟ್ಟರೆ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಚಿಮಣಿ ಹತ್ತುತ್ತದೆ! ಆಗಷ್ಟೇ ಕಡಿದ ಮರದಲ್ಲಂತೂ ಅರ್ಧ ತೂಕ ನೀರೇ ಇರಬಹುದು. ಅದನ್ನು ಆವಿಯಾಗಿಸುವುದಕ್ಕೇ ಉರಿಯ ಶಾಖ ಖರ್ಚಾಗಿ, ಮರದಿಂದ ಹೊರಟ ಟಾರಿನ ಆವಿ ಪೂರ್ತಿ ಉರಿಯದೆ ಮೇಲೇರುತ್ತದೆ. ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದರೆ ಆ ಆವಿ ಗೋಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಅಂಟುವುದೇ ಕ್ರಿಯೋಸೋಟ್. ಮಲೆನಾಡಿನ ಹಳೆಯ ಅಡುಗೆಮನೆಗಳ ಜಂತಿಯ ಮೇಲೆ ಮಿರುಗುವ ಕರಿಯೂ ಇದೇ ಜಾತಿಯದು. ಚಿಮಣಿಯಲ್ಲಿ ಕ್ರಿಯೋಸೋಟ್ ಕಟ್ಟುವುದು ಹೀಗೆ: ಮೊದಲು ಪುಡಿ ಮಸಿ, ಆಮೇಲೆ ಗರಿಗರಿ ಹಕ್ಕಳೆ, ಕೊನೆಗೆ ಗಾಜಿನ ಹೊಳಪಿನ ಗಟ್ಟಿ ಲೇಪ. ಈ ಲೇಪಕ್ಕೆ ಕಿಡಿ ತಾಗಿದರೆ ಚಿಮಣಿಯೊಳಗೆ 1,000 ಡಿಗ್ರಿ ದಾಟುವ ಬೆಂಕಿ ಏಳಬಹುದು. ಮಣ್ಣಿನ ಲೈನರ್ ಸೀಳುತ್ತದೆ, ಉಕ್ಕಿನದು ಸೊಟ್ಟಗಾಗುತ್ತದೆ.

ಕ್ರಿಯೋಸೋಟ್ ಕಟ್ಟುವ ತಪ್ಪನ್ನೆಲ್ಲ ಪೈನ್ ಮರದ ರಾಳದ ಮೇಲೆ ಹೊರಿಸುವ ನಂಬಿಕೆ ಹಳೆಯದು, ಹಟಮಾರಿಯೂ ಹೌದು. ಆದರೆ ನಾರ್ವೆ, ಸ್ವೀಡನ್, ಫಿನ್‌ಲೆಂಡುಗಳಲ್ಲಿ ಪೈನ್, ಸ್ಪ್ರೂಸ್‌ಗಳನ್ನು ತಲೆಮಾರುಗಳಿಂದ ಉರಿಸುತ್ತ ಬಂದಿದ್ದಾರೆ. ಚೆನ್ನಾಗಿ ಒಣಗಿ ಧಗಧಗನೆ ಉರಿಯುವ ಪೈನಿಗಿಂತ, ಅರೆಹಸಿಯಾಗಿ ಹೊಗೆಯಾಡುವ ಓಕ್ ಹೆಚ್ಚು ಕ್ರಿಯೋಸೋಟ್ ಕಟ್ಟಿಸುತ್ತದೆ. ಹಸಿ ಸೌದೆಯೂ, ರಾತ್ರಿಯಿಡೀ ಕೆಂಡ ಉಳಿಯಲೆಂದು ಗಾಳಿಯ ಕಿಂಡಿ ಮುಚ್ಚಿ ಮಲಗುವ ಅಭ್ಯಾಸವೂ ನಿಜವಾದ ಅಪರಾಧಿಗಳು. ಆಲೂಗಡ್ಡೆ ಸಿಪ್ಪೆ ಸುಟ್ಟರೆ ಚಿಮಣಿ ಶುಚಿಯಾಗುತ್ತದೆ ಎಂಬ ಮಾತನ್ನಂತೂ ನೆಚ್ಚಲೇಬಾರದು. ಅದು ಬ್ರಷ್ಷಿನ ಕೆಲಸ ಮಾಡುವುದಿಲ್ಲ.

ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿರುವ ಸೌದೆ, ಒಲೆಯಿಂದ ಹೊಗೆ ಹೊರಡುವ ಬಾಯಿಯ ಅಳತೆಗೇ ಹೊಂದುವ ಲೈನರ್, ಅದರ ಸುತ್ತ ಶಾಖನಿರೋಧಕ ಹೊದಿಕೆ: ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಕೊಳವೆ ತೀರ ಅಗಲವಾದರೆ ಹೊಗೆ ನಿಧಾನವಾಗಿ ಏರುತ್ತ ದಾರಿಯಲ್ಲೇ ತಣಿಯುತ್ತದೆ.

ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ರೂಪಿಸಿದ 211 ಸಂಖ್ಯೆಯ ಮಾನದಂಡದ ಪ್ರಕಾರ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು. ಚಳಿಗಾಲ ಮುಗಿದ ಕೂಡಲೇ ಮಾಡಿಸುವುದು ಮೇಲು. ಇಲ್ಲವಾದರೆ ಉಳಿದ ಮಸಿ ಆ ನಾಡುಗಳ ಬೇಸಿಗೆಯ ತೇವ ಹೀರಿ ಆಮ್ಲೀಯವಾಗಿ ಉಕ್ಕನ್ನು ತಿನ್ನುತ್ತದೆ. ಕ್ಯಾಮೆರಾ ಇಳಿಸಿ ಬಿರುಕು, ಕಳಚಿದ ಕೀಲು, ತುಕ್ಕಿನ ತೂತು ಹುಡುಕುತ್ತಾರೆ. ಮಸಿಯ ದಪ್ಪ 3 ಮಿಲಿಮೀಟರ್ ಮುಟ್ಟಿದ್ದರೆ ಗುಡಿಸಲೇಬೇಕು. ತುದಿಯ ಟೊಪ್ಪಿಗೆಯ ಜಾಲರಿಯನ್ನೂ ಮರೆಯಬಾರದು: ಎಲ್ಲಕ್ಕಿಂತ ತಣ್ಣಗಿರುವ ಜಾಗ ಅದು, ಬೇಗ ಕಟ್ಟಿಕೊಳ್ಳುತ್ತದೆ, ಹಕ್ಕಿಗಳೂ ಅಲ್ಲಿ ಗೂಡು ಕಟ್ಟಬಹುದು.

ಗುಡಿಸುವ ಮುನ್ನ ಒಲೆಯ ಬಾಯಿ ಮುಚ್ಚಬೇಕು. ಮಣ್ಣಿನ ಲೈನರಿಗೆ ತಂತಿಯ ಬ್ರಷ್, ಉಕ್ಕಿನದಕ್ಕೆ ಗೀರು ಬೀಳಿಸದ ಪ್ಲಾಸ್ಟಿಕ್ ಎಳೆಯ ಬ್ರಷ್. ಕೈಗವಸು, ಮುಖಗವಸು ಕಡ್ಡಾಯ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವವರ ಕ್ಯಾನ್ಸರಿಗೂ ಮಸಿಗೂ ಇರುವ ನಂಟನ್ನು 1775ರಲ್ಲೇ ಬರೆದಿಟ್ಟಿದ್ದ. ವೃತ್ತಿಯಿಂದ ಬರುವ ಕ್ಯಾನ್ಸರನ್ನು ಗುರುತಿಸಿದ ಮೊದಮೊದಲ ದಾಖಲೆಗಳಲ್ಲಿ ಅದೂ ಒಂದು. ಗಾಜಿನಂಥ ಲೇಪ ಬ್ರಷ್ಷಿಗೆ ಜಗ್ಗುವುದಿಲ್ಲ. ಅದನ್ನು ರಾಸಾಯನಿಕದಿಂದ ಪುಡಿಯಾಗಿಸಿ ಅಥವಾ ತಿರುಗುವ ಸರಪಳಿಯಿಂದ ಒಡೆದು ತೆಗೆಯುವುದು ನುರಿತವರ ಕೆಲಸ. ಚಿಮಣಿಗೆ ಒಮ್ಮೆ ಬೆಂಕಿ ಬಿದ್ದಿದ್ದರೆ ಮತ್ತೆ ತಪಾಸಣೆ ಆಗುವ ತನಕ ಒಲೆ ಹಚ್ಚುವಂತಿಲ್ಲ. ಸೀಳಿದ ಲೈನರನ್ನು ಬದಲಿಸಿಯೇ ಮುಂದುವರಿಯಬೇಕು.