ಹತ್ತಡಿ ಕೋಣೆಗೆ ಎಷ್ಟು ಮಿಲಿಮೀಟರ್?

ನಮ್ಮ ಸದಸ್ಯ ಬಂಧುಗಳಲ್ಲಿ ಕ್ಯಾಮರಾ ಇಲ್ಲದವರನ್ನು ಹುಡುಕುವುದು ಈಗ ಕಷ್ಟ. ಹಬ್ಬದ ಕೂಟಗಳಲ್ಲಿ ಹಾಡುವವರಿಗಿಂತ ಚಿತ್ರ ತೆಗೆಯುವವರೇ ಹೆಚ್ಚು! ಅವರಲ್ಲಿ ಹಲವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ದಿನಬಳಕೆಗೆ ಒಂದೇ ಲೆನ್ಸು ಎಂದಾದರೆ ಯಾವುದು ಸ್ವಾಮೀ?" ನಾವೇನೂ ಈ ವಿದ್ಯೆಯ ಪಂಡಿತರಲ್ಲ, ದುಡ್ಡು ಕೊಟ್ಟು, ತಪ್ಪು ಮಾಡಿ ಕಲಿತವರು. ಆ ತಪ್ಪಿನ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತಿದ್ದೇವೆ.

2019ರಲ್ಲಿ ದೊಡ್ಡಮ್ಮ ಕುಂದಾಪುರದಿಂದ ಬಂದು ಊದ್ ಮೇಥಾದ ನಮ್ಮ ಮನೆಯಲ್ಲಿ ಎರಡು ತಿಂಗಳಿದ್ದರು. ನಮ್ಮನ್ನು ಎತ್ತಿ ಆಡಿಸಿದವರು ಅವರು. ಆ ಸಂಭ್ರಮಕ್ಕೆಂದೇ ನಾವು ಎರಡು ಲೆನ್ಸು ಕೊಂಡಿದ್ದೆವು. ಒಂದು 70–300ರ ಜೂಮ್. ಇನ್ನೊಂದು 50 ಮಿಲಿಮೀಟರಿನದು. "ಕಣ್ಣಿಗೆ ಕಂಡಂತೆಯೇ ಬರುತ್ತದೆ" ಎಂದು ಅಂಗಡಿಯವನು ಹೇಳಿದ್ದ. ಕ್ಯಾಮರಾದೊಡನೆ ಬಂದಿದ್ದ 18–55 ಪೆಟ್ಟಿಗೆ ಸೇರಿತು. ಝಬೀಲ್ ಪಾರ್ಕಿನಲ್ಲಿ ದೊಡ್ಡಮ್ಮನನ್ನು ದೂರ ನಿಲ್ಲಿಸಿ ಜೂಮ್ ಎಳೆದೆವು. ಅವರು ಕೂಗಿ ಹೇಳಿದ್ದರು: "ಹತ್ರ ಬಂದ್ ತೆಗಿ ಮಗಾ, ದೂರದಿಂದ ಕದ್ದು ತೆಗೂದ್ ಎಂತಕ್ಕೆ?" ನಾವು ನಕ್ಕೆವು.

2023ರಲ್ಲಿ ದೊಡ್ಡಮ್ಮ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಚಿತ್ರ ಬೇಕಾಯಿತು. ಕಂಪ್ಯೂಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು. ಪಾರ್ಕಿನವುಗಳಲ್ಲಿ ಮುಖವೇನೋ ಸ್ಪಷ್ಟ, ಹಿಂದಿನದೆಲ್ಲ ಕರಗಿ ಹಸಿರು ಗಂಜಿ. ಅವರ ಬೆನ್ನ ಹಿಂದೆ 150 ಮೀಟರ್ ಎತ್ತರದ ದುಬೈ ಫ್ರೇಮ್ ಇತ್ತೆಂದು ನಾವು ಹೇಳಿದರೆ ನೀವು ನಂಬಬೇಕು, ಅಷ್ಟೆ. ಮನೆಯೊಳಗಿನವುಗಳಲ್ಲಿ ಸೀರೆಯಿದ್ದರೆ ಪಾದವಿಲ್ಲ, ಮೊಮ್ಮಗಳಿದ್ದರೆ ಅಜ್ಜಿಯ ಅರ್ಧ ಕಿವಿ ಇಲ್ಲ.

ಯಾಕೆ ಹೀಗಾಯಿತೆಂದು ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆವು. ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆ ಅದರ ಫೋಕಲ್ ಲೆಂತ್; ನಮ್ಮ ಶಾಲೆಯ ಪುಸ್ತಕದ ಸಂಗಮದೂರ. ಹಳೆಯ ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. ಅಗಲ, 24 ಎತ್ತರ. ಇದರ ಕರ್ಣ ಸುಮಾರು 43. ಇದಕ್ಕೆ ಹತ್ತಿರದ ಲೆನ್ಸನ್ನು 'ಸಾಮಾನ್ಯ' ಎನ್ನುವುದು ವಾಡಿಕೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮರಾಕ್ಕೆ 50ರ ಲೆನ್ಸಿತ್ತು. ಹೆನ್ರಿ ಕಾರ್ಟಿಯರ್-ಬ್ರೆಸಾನ್ ಬಹುಪಾಲು 50ರಲ್ಲೇ ಜೀವಮಾನ ಕಳೆದರು. ಹೀಗೆ 50 ಎಂಬುದು ಶಾಸ್ತ್ರವೇ ಆಗಿಹೋಯಿತು.

ಆದರೆ ಅವರದು ಬೀದಿ, ನಮ್ಮದು ಫ್ಲ್ಯಾಟು. 35ರ ಲೆನ್ಸಿಗೆ ಒಂದು ಸೊಗಸಾದ ಲೆಕ್ಕವಿದೆ: ನೀವು ಎಷ್ಟು ದೂರ ನಿಂತಿದ್ದೀರೋ ಹೆಚ್ಚುಕಡಿಮೆ ಅಷ್ಟೇ ಅಗಲ ಚಿತ್ರದಲ್ಲಿ ಬರುತ್ತದೆ. ಹತ್ತಡಿ ದೂರಕ್ಕೆ ಹತ್ತಡಿ ಅಗಲ. ಸೋಫಾ ಮತ್ತು ಎರಡು ಕುರ್ಚಿ ಸೇರಿಸಿ ಆರು ಜನ ಕೂತರೆ ಸರಿಯಾಗಿ ಅಷ್ಟೇ. 50ರಲ್ಲಿ ಹತ್ತಡಿಗೆ ಏಳಡಿ ಮಾತ್ರ; ಆರು ಜನ ಬೇಕಾದರೆ ಹದಿನಾಲ್ಕಡಿ ಹಿಂದೆ ಹೋಗಬೇಕು. ನಮ್ಮ ಹಾಲಿನಲ್ಲಿ ಹನ್ನೆರಡಕ್ಕೇ ಗೋಡೆ! ಪಕ್ಕದ ಮನೆಯವರ ಹಾಲಿನಿಂದ ಚಿತ್ರ ತೆಗೆಯಲಾದೀತೇ?

ಅಂಗಡಿಯವನು ಹೇಳದೆ ಬಿಟ್ಟ ಸಂಗತಿ ಇನ್ನೊಂದಿದೆ. ನಮ್ಮದು ಎಪಿಎಸ್-ಸಿ ಕ್ಯಾಮರಾ, ಅಂದರೆ ಒಳಗಿನ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು. ಅದರಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ (ಕ್ಯಾನನ್ ಆದರೆ 1.6ರಿಂದ) ಗುಣಿಸಿ ನೋಡಬೇಕು. ನಮ್ಮ 50 ಅಲ್ಲಿ 75ರಂತೆ ವರ್ತಿಸುತ್ತಿತ್ತು. ಹತ್ತಡಿಗೆ ಐದಡಿಯೂ ಇಲ್ಲ. ದೊಡ್ಡಮ್ಮನ ಕಿವಿ ಹೋದದ್ದು ಹೀಗೆ. ಇಂಥ ಕ್ಯಾಮರಾ ಇರುವವರು 23 ಅಥವಾ 24ರ ಲೆನ್ಸು ಹುಡುಕಬೇಕು.

ಆದ್ದರಿಂದ ನಮ್ಮ ಮತ 35ಕ್ಕೆ. 35ರಲ್ಲಿ ತೆಗೆದು ಆಮೇಲೆ ಕತ್ತರಿಸಿ 50ರ ನೋಟ ಮಾಡಿಕೊಳ್ಳಬಹುದು; 24 ಮೆಗಾಪಿಕ್ಸೆಲ್‌ನಲ್ಲಿ 12ರಷ್ಟು ಉಳಿಯುತ್ತದೆ. 50ರ ಚಿತ್ರವನ್ನು ಎಳೆದು ಅಗಲ ಮಾಡಲಾಗದು. ಇನ್ನೂ ಅಗಲದ 24 ಯಾಕಾಗದು ಎಂದರೆ, ಅಂಚಿನಲ್ಲಿ ಕೂತ ಭಾವನವರ ಮುಖ ಕುಂಬಳಕಾಯಿಯಾಗುತ್ತದೆ. ಮೊಬೈಲಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಈ 24–26ರ ಆಸುಪಾಸಿನದೇ. ಅದನ್ನು ಮುಖದ ಹತ್ತಿರ ಹಿಡಿದರೆ ಮೂಗೇ ಮುಂದೆ ಬರುತ್ತದೆ. ನಾಲ್ಕೈದು ಅಡಿ ದೂರ ನಿಂತರೆ ಆ ಕಾಟವಿಲ್ಲ.

ಜೂಮ್ ಬೇಡವೇ ಬೇಡ ಎಂದೇನೂ ಅಲ್ಲ. ಚಳಿಗಾಲದಲ್ಲಿ ರಾಸ್ ಅಲ್ ಖೋರ್‌ಗೆ ಬರುವ ಫ್ಲೆಮಿಂಗೊಗಳಿಗೆ ಅದೇ ಬೇಕು. ಹಕ್ಕಿ, ಕಾಡುಪ್ರಾಣಿಗಳ ಚಿತ್ರಗಳಿಗೆ ಹೆಸರಾಗಿದ್ದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ದಾರಿ ಹಿಡಿಯುವವರು ಕೊಳ್ಳಲಿ. ನಮಗೆ ಬೇಕಾದದ್ದು ಮೈಸೂರಿನ ಟಿ.ಎಸ್. ಸತ್ಯನ್ ಅವರ ದಾರಿ. 1977ರಲ್ಲಿ ಪದ್ಮಶ್ರೀ ಪಡೆದ ಅವರು ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಚಿತ್ರವಾಗಿಸಿದವರು.

35ರ ಕಷ್ಟವೂ ಇದೆ: ಜನರ ಹತ್ತಿರ ಹೋಗಲೇಬೇಕು, ಹೋದರೆ ಕೇಳಲೇಬೇಕು. ಈ ದೇಶದಲ್ಲಿ ಅದು ಬರೀ ಸೌಜನ್ಯವಲ್ಲ. ಒಪ್ಪಿಗೆಯಿಲ್ಲದೆ ಪರರ ಚಿತ್ರ ತೆಗೆದು ಅವರ ಖಾಸಗಿತನಕ್ಕೆ ಧಕ್ಕೆ ತಂದರೆ 2021ರ ಸೈಬರ್ ಕಾನೂನಿನ 44ನೇ ವಿಧಿಯಂತೆ ಅಪರಾಧ. ಅಬ್ರಾದಲ್ಲಿ ಎದುರು ಕೂತವರನ್ನೂ ಕೇಳಿಯೇ ತೆಗೆಯಿರಿ.

ಕೊನೆಗೆ ಗೋಡೆಗೆ ಸಿಕ್ಕಿದ ಚಿತ್ರ ನಾವು ತೆಗೆದದ್ದಲ್ಲ. ಆಗ ಎಂಟು ವರ್ಷದವಳಾಗಿದ್ದ ನಮ್ಮ ಮಗಳು ಒಂದು ಮಧ್ಯಾಹ್ನ ಪೆಟ್ಟಿಗೆಯ 18–55ನ್ನು ಕ್ಯಾಮರಾಕ್ಕೆ ಹಾಕಿಸಿಕೊಂಡು ಅಡಿಗೆಮನೆಯಲ್ಲಿ ಒತ್ತಿದ್ದಳು. ಕಡತದ ವಿವರ ತೆರೆದು ನೋಡಿದರೆ 24 ಮಿ.ಮೀ. ಗುಣಿಸಿದರೆ 36! ದೊಡ್ಡಮ್ಮ ಚಕ್ಕುಲಿ ಒತ್ತುತ್ತಿದ್ದಾರೆ, ಎರಡು ಕೈಯೂ ಕಾಣುತ್ತಿವೆ, ಒಲೆಯ ಮೇಲೆ ಬಾಣಲೆ, ಕಿಟಕಿಯಾಚೆ ಎದುರು ಕಟ್ಟಡದ ಬಟ್ಟೆ ಒಣಹಾಕಿದ ಬಾಲ್ಕನಿ. ಎಡ ಮೂಲೆಯಲ್ಲಿ ಯಾರದೋ ಮೊಣಕೈ; ನಮ್ಮದೇ. ಫ್ರೇಮ್ ಹಾಕುವವನು ಅದನ್ನು ಕತ್ತರಿಸಿಬಿಡಲೇ ಎಂದು ಕೇಳಿದ. ಬೇಡ, ಇರಲಿ ಎಂದೆವು.