ಸಾಕಿದ ಇಲಿಗೆ ಫಿಟ್ಸ್ ಬಂದರೆ

ಗೂಡಿನ ಮೂಲೆಯಲ್ಲಿ ಕೂತ ಇಲಿ ಕಟಕಟ ಹಲ್ಲು ಕಡಿಯುತ್ತಿದೆ. ಎರಡೂ ಕಣ್ಣುಗುಡ್ಡೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗಿ ಪಟಪಟ ಅದುರುತ್ತಿವೆ. ಹೊಸದಾಗಿ ಇಲಿ ಸಾಕಿದವರಿಗೆ ಇದನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ಇಲಿ ಹಾಯಾಗಿದೆ. ಅದರ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವುದರಿಂದ ಮೇಲಿನದನ್ನು ಕೆಳಗಿನದಕ್ಕೆ ಉಜ್ಜಿ ಸವೆಸುತ್ತಿರಬೇಕು. ದವಡೆಯ ಒಂದು ಸ್ನಾಯು ಕಣ್ಣಿನ ಗುಳಿಯನ್ನು ಒತ್ತಿಕೊಂಡೇ ಹಾದುಹೋಗುತ್ತದೆ, ಹಾಗಾಗಿ ಹಲ್ಲು ಜೋರಾಗಿ ಕಡಿದಾಗ ಕಣ್ಣೂ ಕುಣಿಯುತ್ತದೆ. ಮೈ ಸವರಿಸಿಕೊಂಡು ನೆಮ್ಮದಿಯಾಗಿದ್ದಾಗ ಇಲಿ ಹೀಗೆ ಮಾಡುವುದು ಮಾಮೂಲು.

ಇನ್ನೊಂದು ಇಲಿ ಸದ್ದಿಲ್ಲದೆ ಕೂತಿದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುತ್ತಿದೆ. ಮೀಸೆ ಅದುರುತ್ತಿದೆ, ತಲೆ ಮೆಲ್ಲಗೆ ಮೇಲೆ ಕೆಳಗೆ ತೂಗುತ್ತಿದೆ. ಕರೆದರೆ ಕಿವಿ ಕೂಡ ತಿರುಗುವುದಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ತಡವರಿಸುತ್ತಾ ನೀರಿನ ಬಾಟಲಿಯ ಕಡೆ ಹೋಗುತ್ತದೆ. ಅನುಮಾನ ಪಡಬೇಕಾದದ್ದು ಇದನ್ನು ಕಂಡಾಗ.

ಇಲಿಯ ಮೂರ್ಛೆಯಲ್ಲಿರುವ ತೊಡಕೇ ಇದು. ಭಯ ಹುಟ್ಟಿಸುವಂತೆ ಕಾಣುವುದೆಲ್ಲ ರೋಗವಲ್ಲ, ರೋಗವೆಲ್ಲ ಭಯ ಹುಟ್ಟಿಸುವಂತೆ ಕಾಣುವುದೂ ಇಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಫಿಟ್ಸ್ ಮುಗಿದು ಇಲಿ ಎಂದಿನಂತೆ ಮೂಸುತ್ತಾ ಓಡಾಡುತ್ತಿರುತ್ತದೆ. ರೋಗನಿರ್ಣಯಕ್ಕೆ ಸಿಗುವ ಮುಖ್ಯ ಸಾಕ್ಷ್ಯವೆಂದರೆ ಮನೆಯವರು ಕಣ್ಣಾರೆ ಕಂಡದ್ದು. ಹಾಗಾಗಿ ಇಲಿ ಸಾಕುವವರು ಕಲಿಯಬೇಕಾದ ಮೊದಲ ವಿದ್ಯೆ ನೋಡುವುದು: ಗಾಬರಿಯಿಲ್ಲದೆ, ಗಡಿಯಾರದ ಮೇಲೆ ಒಂದು ಕಣ್ಣಿಟ್ಟುಕೊಂಡು ನೋಡುವುದು.

ಬೆಂಗಳೂರಿನ ಋಣ

ಮಿದುಳಿನ ನರಕೋಶಗಳಲ್ಲಿ ಕೆರಳಿಸುವ ಸಂದೇಶ, ತಡೆಯುವ ಸಂದೇಶ ಎರಡೂ ಸದಾ ಓಡಾಡುತ್ತಿರುತ್ತವೆ. ಗ್ಲುಟಮೇಟ್ ಕೆರಳಿಸುತ್ತದೆ, ಗಾಬಾ ಎಂಬ ರಾಸಾಯನಿಕ ತಡೆಯುತ್ತದೆ. ಈ ಸಮತೋಲ ತಪ್ಪಿ ಸಾವಿರಾರು ಕೋಶಗಳು ಒಟ್ಟಿಗೇ ಮಿಡಿಯತೊಡಗಿದರೆ ಅದೇ ಮೂರ್ಛೆ. ಮನುಷ್ಯನಲ್ಲೂ ಇಲಿಯಲ್ಲೂ ಈ ಮೂಲ ವ್ಯವಸ್ಥೆ ಒಂದೇ. ಈ ಹೋಲಿಕೆಯ ಮೇಲೆಯೇ ನಮ್ಮ ಊರಿನಲ್ಲಿ ಒಂದು ಮಹತ್ವದ ಸಂಶೋಧನೆ ನಡೆದಿದೆ.

ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಹಂಡೆಯಿಂದ ಚೊಂಬು ಚೊಂಬಾಗಿ ನೀರು ತೋಡಿ ಒಂದರ ಹಿಂದೊಂದು ನೆತ್ತಿಗೆ ಸುರಿದುಕೊಳ್ಳುವ ನಮ್ಮ ಕಡೆಯ ಸ್ನಾನದಲ್ಲಿ ಇದು ಹೆಚ್ಚು. ದಕ್ಷಿಣ ಕರ್ನಾಟಕದಲ್ಲಿ ಇಂಥ ರೋಗಿಗಳು ಎಷ್ಟೋ ಮಂದಿ ಇದ್ದಾರೆ. 1960ರ ದಶಕದ ಕೊನೆಯಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. 1988ರಲ್ಲಿ ಅಲ್ಲಿಯ ನರರೋಗ ಸಂಸ್ಥೆಯಾದ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಬಿಸಿನೀರಿನಿಂದ ಮಿದುಳಿಗೆ ಏನಾಗುತ್ತದೆ ಎಂದು ತಿಳಿಯಲು ಸಂಶೋಧಕರಾದ ಉಲ್ಲಾಳ್, ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ ಇಲಿಗಳ ಮೇಲೆ ಬಿಸಿನೀರಿನ ಪ್ರಯೋಗ ನಡೆಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ಮಿತಿಮೀರಿ ಬಿಸಿಯಾದಾಗ ಇಲಿಗಳಿಗೂ ಮೂರ್ಛೆ ಬಂತು. 2017ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ನಿಮ್ಹಾನ್ಸ್‌ನ ವೈದ್ಯರು, ಗ್ಲುಟಮೇಟನ್ನು ಸಾಗಿಸುವ ಪ್ರೋಟೀನಿನ ಜೀನ್‌ನಲ್ಲಿ ಕೆಲವು ರೋಗಿಗಳಿಗೆ ಅಪರೂಪದ ವ್ಯತ್ಯಾಸಗಳಿರುವುದನ್ನು ತೋರಿಸಿದರು.

ಬೆಂಗಳೂರಿನ ನಾಗರಬಾವಿಯ ಫ್ಲ್ಯಾಟಿನ ಗೂಡಿನಲ್ಲಿರುವ ಇಲಿಯೂ ಪ್ರಯೋಗಾಲಯದ ಇಲಿಯೂ ಒಂದೇ ಪ್ರಭೇದ, ರಾಟಸ್ ನಾರ್ವೆಜಿಕಸ್. ನಮ್ಮ ಮೂರ್ಛೆಯನ್ನು ಅರಿಯಲು ಆ ಜಾತಿ ತನ್ನ ಮೈಯನ್ನೇ ತೆತ್ತಿದೆ. ಆ ಅರಿವನ್ನು ಸಾಕಿದ ಇಲಿಯ ಆರೈಕೆಗೆ ಬಳಸುವುದು ನಾವು ತೀರಿಸಬೇಕಾದ ಋಣವೆಂದೇ ನನ್ನ ನಂಬಿಕೆ.

ಮೂರ್ಛೆಯ ಐದು ಮೆಟ್ಟಿಲು

ಕೆನಡಾದ ವಿಜ್ಞಾನಿ ರೊನಾಲ್ಡ್ ರೆಸೀನ್ 1972ರಲ್ಲಿ ಇಲಿಯ ಮೂರ್ಛೆಯನ್ನು ಐದು ಹಂತಗಳಲ್ಲಿ ವಿಂಗಡಿಸಿದರು. ಪ್ರಯೋಗಾಲಯಗಳು ಇಂದಿಗೂ ಅದನ್ನೇ ಬಳಸುತ್ತವೆ, ಮನೆಯಲ್ಲೂ ಅದು ಕೆಲಸಕ್ಕೆ ಬರುತ್ತದೆ. ಮೊದಲ ಹಂತದಲ್ಲಿ ಬಾಯಿ ಮತ್ತು ಮುಖವಷ್ಟೇ ಆಡುತ್ತದೆ. ಎರಡನೆಯದರಲ್ಲಿ ತಲೆ ತೂಗುತ್ತದೆ. ಮೂರನೆಯದರಲ್ಲಿ ಮುಂಗಾಲು ಲಯಬದ್ಧವಾಗಿ ಜಗ್ಗುತ್ತದೆ. ನಾಲ್ಕನೆಯದರಲ್ಲಿ ಇಲಿ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಎರಡೂ ಮುಂಗಾಲು ಜಗ್ಗುತ್ತಲೇ ಇರುತ್ತವೆ. ಐದನೆಯದರಲ್ಲಿ ನಿಂತಲ್ಲೇ ಆಯ ತಪ್ಪಿ ಬೀಳುತ್ತದೆ. ಎಲ್ಲ ಮೂರ್ಛೆಯೂ ಐದೂ ಮೆಟ್ಟಿಲು ಹತ್ತಬೇಕೆಂದಿಲ್ಲ. ಕೆಲವು ಮೊದಲೆರಡರಲ್ಲೇ ಮುಗಿಯುತ್ತವೆ, ಕೆಲವು ನೇರವಾಗಿ ಇಡೀ ಮೈಯ ಸೆಳೆತವಾಗಿ ಶುರುವಾಗುತ್ತವೆ. ಜೊಲ್ಲು ಸುರಿಯಬಹುದು, ಉಚ್ಚೆ ಹೋಗಬಹುದು.

ಹಂತ ಯಾವುದಾದರೂ ಕೆಲವು ಲಕ್ಷಣ ಸಾಮಾನ್ಯ. ಮೂರ್ಛೆ ತಟ್ಟನೆ ಶುರುವಾಗುತ್ತದೆ, ಬಹುಪಾಲು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ನಡುವೆ ಕರೆದರೆ ಇಲಿ ಪ್ರತಿಕ್ರಿಯಿಸುವುದಿಲ್ಲ. ಮತ್ತೆ ಬಂದರೆ ಹೆಚ್ಚುಕಡಿಮೆ ಹಿಂದಿನ ಸಲದಂತೆಯೇ ಬರುತ್ತದೆ. ಮುಗಿದ ಮೇಲೆ ಇಲಿ ಮಂಕಾಗಿರುತ್ತದೆ, ತೂರಾಡುತ್ತದೆ, ಗೂಡಿನ ಕಂಬಿಗೆ ಡಿಕ್ಕಿ ಹೊಡೆಯುತ್ತದೆ. ಈ ಮಂಕು ತಿಳಿಯಾಗಲು ಕೆಲವು ನಿಮಿಷದಿಂದ ಕೆಲವು ಗಂಟೆ ಬೇಕಾದೀತು.

ಮೂರ್ಛೆಯಂತೆ ಕಾಣುವ ಬೇರೆ ಸಂಗತಿಗಳೂ ಇವೆ. ನಿದ್ದೆಯಲ್ಲಿ ಮೀಸೆ, ಬೆರಳು ಕುಣಿದರೆ ಅದು ಕನಸಿನ ನಿದ್ದೆ. ಮೆಲ್ಲಗೆ ಸದ್ದು ಮಾಡಿದರೆ ಎಚ್ಚರಗೊಳ್ಳುತ್ತದೆ. ಕೆಂಗಣ್ಣಿನ ಬಿಳಿ ಇಲಿ ನಿಂತಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು ದೃಷ್ಟಿ ಮಂದವಾಗಿರುವುದರಿಂದ. ದೂರವನ್ನು ಅಳೆಯುವ ಉಪಾಯ ಅದು. ತಲೆ ಒಂದು ಕಡೆ ವಾಲಿ, ಸುತ್ತುಹಾಕುತ್ತಾ ಉರುಳಿದರೆ ಒಳಕಿವಿಯ ಸೋಂಕಿರಬಹುದು. ಆಗ ಪ್ರಜ್ಞೆ ಇರುತ್ತದೆ, ವಾಲಿದ ತಲೆ ದಿನವಿಡೀ ಹಾಗೇ ಇರುತ್ತದೆ. ಬಾಯಿಗೆ ಸಿಕ್ಕಿದ ತುಣುಕು ಗಂಟಲಲ್ಲಿ ನಿಂತರೆ ಇಲಿ ಗದ್ದವನ್ನು ಎದೆಗೊತ್ತಿ, ಜೊಲ್ಲು ಸುರಿಸಿ ತಿಣುಕಾಡುತ್ತದೆ, ಏಕೆಂದರೆ ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ಮೂಗು, ಕಣ್ಣಿನ ಸುತ್ತ ಕೆಂಪಗೆ ಒಸರಿದ್ದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪೋರ್ಫಿರಿನ್ ಎಂಬ ಬಣ್ಣ. ಒತ್ತಡ, ಕಾಯಿಲೆ ಇದ್ದಾಗ ಹೆಚ್ಚುತ್ತದೆ.

ವಯಸ್ಸಾದ ಹೆಣ್ಣಿಲಿಗಳಲ್ಲಿ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಕಾಣಿಸಿಕೊಳ್ಳುವುದು ವಿರಳವಲ್ಲ. ಮುಂಗಾಲು ಸೆಟೆದು ಕಾಳನ್ನು ಹಿಡಿಯಲಾಗದಿರುವುದು, ದಿನದಿಂದ ದಿನಕ್ಕೆ ಮಂಕಾಗುತ್ತಾ ಹೋಗುವುದು ಅದರ ಗುರುತು. ಮೂರ್ಛೆ ಬಂದು ಹೋಗುತ್ತದೆ, ಗೆಡ್ಡೆಯ ಲಕ್ಷಣ ಬಂದದ್ದು ಹೋಗದೆ ಬೆಳೆಯುತ್ತದೆ. ಕೆಲವೊಮ್ಮೆ ಆ ಗೆಡ್ಡೆಯೇ ಮೂರ್ಛೆಗೂ ಕಾರಣವಾಗುತ್ತದೆ.

ಮನೆಯೊಳಗಿನ ಕಾರಣಗಳು

ಬಿಸಿಲನ್ನು ಮೊದಲು ಹೇಳಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಸೆಲ್ಸಿಯಸ್ ಕಂಡಿತು. ಮೇಲಿನ ಮಹಡಿಯ, ಪಶ್ಚಿಮದ ಬಿಸಿಲು ಹೊಡೆಯುವ ಕೋಣೆಗಳಲ್ಲಿ ಮಧ್ಯಾಹ್ನದ ಮೇಲೆ ಕೂರುವುದೇ ಕಷ್ಟ. ಇಲಿ ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ಏದುಸಿರು ಬಿಡುತ್ತಾ ಮೈ ತಣಿಸಿಕೊಳ್ಳುವುದೂ ಇಲ್ಲ. ಕೂದಲಿಲ್ಲದ ಬಾಲಕ್ಕೆ ರಕ್ತ ಹರಿಸಿ ಶಾಖವನ್ನು ಹೊರಗೆ ಹಾಕುತ್ತದೆ, ಎಂಜಲನ್ನು ಮೈಗೆ ಸವರಿಕೊಳ್ಳುತ್ತದೆ. ಕೋಣೆ 30 ಡಿಗ್ರಿ ದಾಟಿದರೆ ಇದು ಸಾಲದಾಗುತ್ತದೆ. ನಿಮ್ಹಾನ್ಸ್‌ನ ಪ್ರಯೋಗ ತೋರಿಸಿದ್ದೂ ಇದನ್ನೇ: ಮಿತಿಮೀರಿದ ಮೈಬಿಸಿಯೊಂದೇ ಇಲಿಗೆ ಮೂರ್ಛೆ ತರಿಸಬಲ್ಲದು. ಗೂಡನ್ನು ಬಾಲ್ಕನಿಯಲ್ಲಿಡಬೇಡಿ, ಬಿಸಿನೀರಿನ ಸ್ನಾನವಂತೂ ಬೇಡವೇ ಬೇಡ.

ಎರಡನೆಯದು ವಿಷ. ಅಂಗಡಿಯಲ್ಲಿ ಸಿಗುವ ಇಲಿ ಪಾಷಾಣಗಳಲ್ಲಿ ಜಿಂಕ್ ಫಾಸ್ಫೈಡ್ ಇರುವುದುಂಟು. ಹೊಟ್ಟೆಯ ಆಮ್ಲ ತಗಲಿದರೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಮೋರಿಯ ಹೆಗ್ಗಣಕ್ಕೆಂದು ಪಕ್ಕದ ಮನೆಯವರು ಇಟ್ಟದ್ದು, ಕೋಣೆಯಲ್ಲಿ ಬಿಡಾಡಿಯಾಗಿ ಓಡಾಡುವ ಸಾಕಿಲಿಗೂ ಸಿಗಬಹುದು. ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ, ಜಿರಲೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳು ನೇರವಾಗಿ ನರಗಳ ಮೇಲೆ ಕೆಲಸ ಮಾಡುವಂಥವು. ಮೈ ನಡುಗಿಸುತ್ತವೆ, ಹೆಚ್ಚಾದರೆ ಸೆಳೆತ ತರಿಸುತ್ತವೆ. ಹೇನು, ನುಸಿಗೆಂದು ನಾಯಿಯ ಔಷಧವನ್ನು ಅಂದಾಜಿನಲ್ಲಿ ಇಲಿಗೆ ಹಾಕುವುದೂ ಅಷ್ಟೇ ಅಪಾಯ.

ಮೂರನೆಯದು ಸದ್ದು. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ತನಕ ಕೇಳಿದರೆ ಇಲಿಗೆ 80ರ ಆಸುಪಾಸಿನ ತನಕ ಕೇಳುತ್ತದೆ. ಬೀಗದ ಕೈಗೊಂಚಲು ಅಲ್ಲಾಡಿಸಿದರೆ ಹೊಮ್ಮುವ, ನಮಗೆ ಕೇಳದ ಸದ್ದೂ ಅದಕ್ಕೆ ಕೇಳುತ್ತದೆ. ಕೆಲವು ಇಲಿ ತಳಿಗಳಿಗೆ ಜೋರು ಸದ್ದಿನಿಂದಲೇ ಮೂರ್ಛೆ ಬರುತ್ತದೆ. 1938ರಲ್ಲಿ ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಮೇಯರ್, ದಾರಿ ಕಾಣದ ಸಂಕಟಕ್ಕೆ ಸಿಲುಕಿದ ಇಲಿಗಳು ಸೆಳೆತಕ್ಕೆ ಬೀಳುತ್ತವೆ ಎಂದು ತೋರಿಸಿ ಬಹುಮಾನ ಪಡೆದರು. ಇಲಿಗಳನ್ನು ಜಿಗಿಯುವಂತೆ ಮಾಡಲು ಅವರು ಬಳಸಿದ್ದ ಗಾಳಿಯ ಜೆಟ್ಟಿನ ಸದ್ದೇ ಸೆಳೆತ ತರಿಸುತ್ತಿತ್ತು ಎಂಬುದನ್ನು ಕ್ಲಿಫರ್ಡ್ ಮಾರ್ಗನ್ ಆಮೇಲೆ ಪ್ರಯೋಗದಿಂದ ಕಂಡುಕೊಂಡರು. ದೀಪಾವಳಿಯ ಪಟಾಕಿ ರಾತ್ರಿಗಳಲ್ಲಿ ಗೂಡನ್ನು ಒಳಕೋಣೆಗೆ ಸಾಗಿಸುವುದು ಒಳ್ಳೆಯದು.

ಇವಲ್ಲದೆ ಮಿದುಳಿನ ಸೋಂಕು, ತಲೆಗೆ ಬಿದ್ದ ಪೆಟ್ಟು, ರಕ್ತದ ಸಕ್ಕರೆ ಕುಸಿಯುವುದು, ಪಾರ್ಶ್ವವಾಯು, ವಂಶವಾಹಿ ಇವೂ ಕಾರಣವಾಗಬಹುದು. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ.

ಆ ಎರಡು ನಿಮಿಷ

ಮನುಷ್ಯರಿಗೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ ರೂಢಿ ನಮ್ಮಲ್ಲಿದೆ. ಅದರಿಂದ ಮನುಷ್ಯರಿಗೂ ಪ್ರಯೋಜನವಿಲ್ಲ, ಇಲಿಗೂ ಇಲ್ಲ. ಇಲಿಯನ್ನು ಅದುಮಿ ಹಿಡಿಯಬೇಡಿ. ಪ್ರಜ್ಞೆಯಿಲ್ಲದೆ ಕಚ್ಚಿದರೆ ಬಾಚಿಹಲ್ಲು ಆಳಕ್ಕಿಳಿಯುತ್ತದೆ. ಬಾಯಿಗೆ ನೀರು, ಔಷಧ, ಬೆರಳು ಯಾವುದೂ ಬೇಡ. ಉಯ್ಯಾಲೆ, ಏಣಿ, ನೀರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಸುತ್ತ ಮೆತ್ತನೆ ಬಟ್ಟೆ ಒತ್ತರಿಸಿ. ದೀಪ ಆರಿಸಿ, ಟಿವಿ ನಿಲ್ಲಿಸಿ. ಜೊತೆಯ ಇಲಿಗಳನ್ನು ಬೇರೆ ಕಡೆ ಬಿಡಿ. ಶುರುವಾದ ಹೊತ್ತನ್ನು ನೋಡಿಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡಿ. ಡಾಕ್ಟರಿಗೆ ನಿಮ್ಮ ನೂರು ಮಾತಿಗಿಂತ ಆ ಒಂದು ನಿಮಿಷದ ವಿಡಿಯೋ ಹೆಚ್ಚು ಹೇಳುತ್ತದೆ.

ಸೆಕೆಯಿಂದ ಬಂದದ್ದೆಂದು ತೋರಿದರೆ ತಂಪು ಕೋಣೆಗೆ ಒಯ್ದು, ಸಾಧಾರಣ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಾಲ, ಪಾದಗಳನ್ನು ಒದ್ದೆ ಮಾಡಿ. ಐಸ್ ನೀರು ಬೇಡ. ಪೂರ್ತಿ ಎಚ್ಚರವಾಗಿ ತಾನಾಗಿ ನೆಕ್ಕುವಷ್ಟಾದ ಮೇಲೆ ಒಂದು ತೊಟ್ಟು ಜೇನು, ಆಮೇಲೆ ನೀರು ಕೊಡಬಹುದು. ಐದು ನಿಮಿಷ ಮೀರಿದರೂ, ಎಚ್ಚರವಾಗದೆ ಒಂದರ ಹಿಂದೊಂದು ಬಂದರೂ, ವಿಷ ತಿಂದ ಅನುಮಾನವಿದ್ದರೂ ಕಾಯಬಾರದು. ಅದು ತುರ್ತು ಸ್ಥಿತಿ. ಡಯಾಜೆಪಾಮ್, ಮಿಡಾಜೊಲಾಮ್‌ನಂಥ ಔಷಧವನ್ನು ಪಶುವೈದ್ಯರೇ ಕೊಡಬೇಕು.

ಈ ತುರ್ತಿಗೆ ಸಿದ್ಧತೆ ಮೊದಲೇ ಆಗಿರಬೇಕು. ನಮ್ಮ ಕಡೆಯ ಸಾಕುಪ್ರಾಣಿ ಕ್ಲಿನಿಕ್‌ಗಳು ಹೆಚ್ಚಾಗಿ ನಾಯಿ ಬೆಕ್ಕಿನವು. ಇಲಿ, ಮೊಲ, ಪಕ್ಷಿ ನೋಡುವ ವೈದ್ಯರು ಹತ್ತಿರದಲ್ಲಿ ಯಾರು, ರಾತ್ರಿ ಸಿಗುತ್ತಾರೆಯೇ ಎಂದು ಇಲಿ ಚೆನ್ನಾಗಿರುವಾಗಲೇ ವಿಚಾರಿಸಿಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಆದರೆ ನಾಗರಬಾವಿಯಿಂದ ಹೊರವರ್ತುಲ ರಸ್ತೆಯಲ್ಲಿ ಸುಮನಹಳ್ಳಿ, ಗೊರಗುಂಟೆಪಾಳ್ಯ ದಾಟಿ ಸಂಜೆ ಟ್ರಾಫಿಕ್‌ನಲ್ಲಿ ಅಲ್ಲಿಗೆ ಮುಟ್ಟುವುದು ನಿಲ್ಲದ ಮೂರ್ಛೆಗೆ ಬಹಳ ದೂರದ ಹಾದಿ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಇಲಿಯ ತೂಕ ಬರೆದಿಡಿ. 300 ಗ್ರಾಂ ಇಲಿ 60 ಕಿಲೋ ಮನುಷ್ಯನ ಇನ್ನೂರರಲ್ಲಿ ಒಂದು ಪಾಲು, ಜೊತೆಗೆ ಔಷಧವನ್ನು ಅರಗಿಸುವ ವೇಗವೂ ಬೇರೆ. ಮನೆಯಲ್ಲಿರುವ ಮಾತ್ರೆಯನ್ನು ಚೂರು ಮಾಡಿ ಕೊಡುವ ಸಾಹಸ ಸಲ್ಲದು. ಪದೇ ಪದೇ ಬರುವ ಮೂರ್ಛೆಗೆ ಫಿನೋಬಾರ್ಬಿಟಾಲ್‌ನಂಥ ಔಷಧವನ್ನು ವೈದ್ಯರು ತೂಕ ನೋಡಿ ಹೇಳಿದ ಮೇಲೆ, ದಿನವೂ ಅದೇ ಹೊತ್ತಿಗೆ ತಪ್ಪದೆ ಕೊಡಬೇಕು. ಹೇಳದೆ ಕೇಳದೆ ನಿಲ್ಲಿಸಬಾರದು.

ಒಂದು ಸಲ ಬಂದು ಹೋಯಿತಲ್ಲ ಎಂದು ಸುಮ್ಮನಿರುವುದೂ ತಪ್ಪು. ಗ್ರಹಾಂ ಗೊಡ್ಡಾರ್ಡ್ 1967ರಲ್ಲಿ ತೋರಿಸಿದಂತೆ, ಇಲಿಯ ಮಿದುಳನ್ನು ದಿನವೂ ಸ್ವಲ್ಪ ಸ್ವಲ್ಪವೇ ವಿದ್ಯುತ್ತಿನಿಂದ ಕೆರಳಿಸಿದರೆ, ಮೊದಲು ಏನನ್ನೂ ಮಾಡದ ಅದೇ ಪ್ರಮಾಣ ಕೊನೆಗೆ ಮೂರ್ಛೆ ತರಿಸುತ್ತದೆ. ಮಿದುಳು ಮೂರ್ಛೆಯನ್ನು ಕಲಿಯಬಲ್ಲದು. ಆದ್ದರಿಂದ ಎರಡನೆಯದು ಬರುವ ಮೊದಲೇ ವೈದ್ಯರನ್ನು ಕಾಣಿ, ದಿನಾಂಕ, ಹೊತ್ತು, ಎಷ್ಟು ಸೆಕೆಂಡು, ಮೊದಲು ಏನು ಆಡಿತು, ಆ ದಿನ ಸೆಕೆ ಎಷ್ಟಿತ್ತು, ಏನು ತಿಂದಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಹಾನ್ಸ್‌ನಲ್ಲಿ 279 ರೋಗಿಗಳ ವಿವರ ಕಲೆಹಾಕಿದ ವೈದ್ಯರು ಕೇಳಿದ್ದೂ ಇಂಥವೇ ಪ್ರಶ್ನೆಗಳು: ಯಾವಾಗ, ಎಷ್ಟು ಬಿಸಿ, ಎಷ್ಟು ಹೊತ್ತು. ಇಲಿಯ ಆಯಸ್ಸು ಎರಡರಿಂದ ಮೂರು ವರ್ಷ. ಅದರಲ್ಲಿ ಒಂದು ತಿಂಗಳು ನೆಮ್ಮದಿಯಾಗಿ ಕಳೆಯುವಂತೆ ಮಾಡಿದರೂ ಆ ಜೀವದ ದೊಡ್ಡದೊಂದು ಪಾಲನ್ನು ಉಳಿಸಿದಂತೆ. ಔಷಧಕ್ಕೂ ಬಗ್ಗದೆ, ತಿನ್ನದೆ, ನಡೆಯದೆ ನರಳುವ ಹಂತ ಬಂದರೆ ನೋವಿಲ್ಲದ ಕೊನೆಯ ಬಗ್ಗೆ ವೈದ್ಯರೊಡನೆ ಮಾತಾಡುವುದೂ ಆರೈಕೆಯೇ. ಔಷಧ ಮುಂದುವರಿಸುವುದೋ ಆ ಕೊನೆಯೋ, ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಆಧಾರವಾಗುವುದು ಮನೆಯವರು ಬರೆದಿಟ್ಟ ಆ ಪುಸ್ತಕ.