ಮದ್ದು ಬಿಡುವ ಸರದಿಯೂ ಮೊಬೈಲಿನ ಕ್ಯಾಲೆಂಡರೂ

ಅಡಿಕೆ ತೋಟವುಳ್ಳವರಿಗೆ ಕೊಳೆರೋಗದ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ಮದ್ದು ಗೊನೆಗೆ ತಗಲದಿದ್ದರೆ ಎಳೆಕಾಯಿ ಉದುರುವ ಭಯ ತಪ್ಪದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ಕೂಡಿಸಿದ ಮದ್ದನ್ನು ಆ ದಿನವೇ ಮುಗಿಸಬೇಕು. ಆದರೆ ಮರ ಏರುವವರು ನಾಲ್ಕೈದು ಮಂದಿ, ತೋಟಗಳು ಹಲವು, ಮಳೆ ಬಿಡುವ ದಿನಗಳೋ ಬೆರಳೆಣಿಕೆ. ಆದುದರಿಂದ ಯಾರು ಯಾವ ದಿನ ಎಲ್ಲಿಗೆ ಎಂಬುದೇ ದೊಡ್ಡ ಪ್ರಶ್ನೆ.

ನಮ್ಮ ನೆರೆಕರೆಯ ಕೃಷಿಕರು ಕೂಡಿ ಈ ಸರದಿಯನ್ನು ಗೂಗಲ್ ಶೀಟ್ಸಿನ ಕೋಷ್ಟಕವೊಂದರಲ್ಲಿ ಬರೆದಿಡುತ್ತೇವೆ. ಕೆಲಸದವರಾದರೋ ಕೋಷ್ಟಕ ನೋಡುವವರಲ್ಲ. ಅವರ ಕೈಗೆ ಸುಲಭವಾಗಿ ಸಿಗುವುದು ಮೊಬೈಲಿನ ಕ್ಯಾಲೆಂಡರು. ಕೋಷ್ಟಕದಲ್ಲಿ ಬರೆದುದು ಎಲ್ಲರ ಕ್ಯಾಲೆಂಡರಿನಲ್ಲಿ ತಾನಾಗಿ ಮೂಡುವಂತೆ ಮಾಡುವ ಬಗೆಯನ್ನು ಇಲ್ಲಿ ವಿವರಿಸುವೆನು.

ಮೊದಲು ಕೂಟದ ಹೆಸರಿನ ಖಾತೆಯಲ್ಲಿ ಈ ಕೆಲಸಕ್ಕೆಂದೇ ಬೇರೊಂದು ಗೂಗಲ್ ಕ್ಯಾಲೆಂಡರ್ ತೆರೆಯತಕ್ಕದ್ದು. ಒಬ್ಬರ ಸ್ವಂತ ಖಾತೆಯಲ್ಲಿ ತೆರೆದರೆ ಅವರು ಕೂಟ ಬಿಟ್ಟ ದಿನ ಎಲ್ಲವೂ ಅವರೊಡನೆ ಹೋದೀತು. ಕೆಲಸದವರೊಡನೆ ಅದನ್ನು ಹಂಚುವಾಗ ವಿವರ ನೋಡುವ ಹಕ್ಕು ಸಾಕು, ತಿದ್ದುವ ಹಕ್ಕು ಬೇಡ. ಸಾರ್ವಜನಿಕವಾಗಿ ತೆರೆದಿಡಲೂ ಕೂಡದು. ಕೂಲಿಯ ಲೆಕ್ಕವನ್ನು ಅದರಲ್ಲಿ ಬರೆಯದಿರುವುದೇ ಲೇಸು.

ಕೋಷ್ಟಕವನ್ನು ಕಡತವಾಗಿ ಇಳಿಸಿ ಕ್ಯಾಲೆಂಡರಿಗೆ ಏರಿಸುವ ದಾರಿ ಒಂದುಂಟು. ನಾವು ಮೊದಲು ಹಿಡಿದುದು ಅದನ್ನೇ. ಆದರೆ ತಿದ್ದಿದ ಕೋಷ್ಟಕವನ್ನು ಮತ್ತೆ ಏರಿಸಿದಾಗ ಹಳೆಯದು ಅಳಿಯಲಿಲ್ಲ. ಒಂದೇ ತೋಟದ ಕೆಲಸ ಎರಡೆರಡು ದಿನ ಕಾಣಿಸಿತು. ಕೊಂಡಿಯ ಮೂಲಕ ಚಂದಾ ಹಾಕುವ ಇನ್ನೊಂದು ದಾರಿಯಲ್ಲಿ ಬದಲಾವಣೆ ತಲುಪಲು ಹಲವು ಗಂಟೆಗಳೇ ಹಿಡಿಯಬಹುದು. ನಸುಕಿಗೆ ಮಳೆ ಸುರಿದು ಕೆಲಸ ಮುಂದೆ ಹೋದ ಸುದ್ದಿ ಮಧ್ಯಾಹ್ನ ಬಂದರೆ ಫಲವೇನು?

ಸರಿಯಾದ ದಾರಿಯೆಂದರೆ ಶೀಟ್ಸಿನೊಳಗೇ ಇರುವ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಒಂದು ಚಿಕ್ಕ ಆಜ್ಞಾಪಟ್ಟಿ ಬರೆಯಿಸುವುದು. ಕಂಪ್ಯೂಟರ್ ಕಲಿಯುವ ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಇದನ್ನು ಬರೆದುಕೊಟ್ಟಾರು. ಇದರ ಮರ್ಮವಿರುವುದು ಕೋಷ್ಟಕದ ಕೊನೆಯ ಅಂಕಣದಲ್ಲಿ. ಒಂದೊಂದು ಕೆಲಸಕ್ಕೂ ಕ್ಯಾಲೆಂಡರು ಒಂದೊಂದು ಗುರುತುಸಂಖ್ಯೆ ಕೊಡುತ್ತದೆ. ಅದನ್ನು ಆ ಅಂಕಣದಲ್ಲಿ ಬರೆದಿಡಬೇಕು. ಅಂಕಣ ಖಾಲಿಯಿದ್ದರೆ ಹೊಸ ಕೆಲಸವೆಂದು ತಿಳಿದು ಕ್ಯಾಲೆಂಡರಿಗೆ ಸೇರಿಸು. ಸಂಖ್ಯೆಯಿದ್ದರೆ ಅದೇ ಕೆಲಸವನ್ನು ಹುಡುಕಿ ತಿದ್ದು. ‘ರದ್ದು’ ಎಂದಿದ್ದರೆ ಕ್ಯಾಲೆಂಡರಿನಿಂದ ತೆಗೆ. ಇಷ್ಟೇ ಆಜ್ಞೆ. ಗಂಟೆಗೊಮ್ಮೆ ತಾನೇ ನಡೆಯುವಂತೆ ಇಡಬಹುದು. ಅವಸರವಿದ್ದಾಗ ಕೈಯಾರೆ ನಡೆಸಲೂಬಹುದು. ಕೋಷ್ಟಕದ ಸಾಲನ್ನೇ ಅಳಿಸಿಬಿಟ್ಟರೆ ಸಂಖ್ಯೆಯೂ ಹೋಗಿ, ಆ ಕೆಲಸ ಕ್ಯಾಲೆಂಡರಿನಲ್ಲಿ ಅನಾಥವಾಗಿ ಉಳಿಯುತ್ತದೆ. ಆದುದರಿಂದ ಸಾಲು ಅಳಿಸಬೇಡಿರಿ, ‘ರದ್ದು’ ಎಂದು ಬರೆಯಿರಿ.

ಈ ಏರ್ಪಾಡು ಒಂದೇ ದಿಕ್ಕಿನದು ಎಂಬುದನ್ನು ಮರೆತು ನಾನೇ ಒಮ್ಮೆ ಕೆಟ್ಟೆ. ಆಟಿಯ ಮಳೆಗೆ ಕೆಲಸವೊಂದು ಮುಂದೆ ಹೋಗಲು, ಅವಸರದಲ್ಲಿ ಕೂಟದ ಖಾತೆಯಿಂದ ಕ್ಯಾಲೆಂಡರಿನಲ್ಲಿಯೇ ದಿನ ಬದಲಿಸಿದೆ, ಕೋಷ್ಟಕವನ್ನು ಮುಟ್ಟಲಿಲ್ಲ. ಮುಂದಿನ ಗಂಟೆಗೆ ಆಜ್ಞಾಪಟ್ಟಿಯು ಕೋಷ್ಟಕದ ಹಳೆಯ ದಿನವನ್ನೇ ಮತ್ತೆ ಬರೆಯಿತು. ಏರುವವರು ಹಳೆಯ ದಿನ ಬಂದು ಮರಳಿದರು. ಹೊಸ ದಿನ ನೆರೆಯವರು ಎರಡು ಬ್ಯಾರೆಲು ಮದ್ದು ಕೂಡಿಸಿ ಸಂಜೆಯವರೆಗೆ ದಾರಿ ನೋಡಿದರು. ಮೈಲುತುತ್ತಿನ ಹಣ ಕೊಟ್ಟೆ. ಬಿದ್ದ ಅಡಿಕೆಗೆ ಏನು ಕೊಡಲಿ? ಅಂದಿನಿಂದ ಕ್ಯಾಲೆಂಡರಿನಲ್ಲಿ ಯಾರೂ ಕೈಯಾಡಿಸಕೂಡದೆಂದು ಗೊತ್ತುಮಾಡಿದ್ದೇವೆ.

ಒಬ್ಬನಿಗೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಕೊಟ್ಟರೂ ಕ್ಯಾಲೆಂಡರು ಬೇಡವೆನ್ನುವುದಿಲ್ಲ, ಎರಡನ್ನೂ ತೋರಿಸುತ್ತದೆ. ತಡೆಯಬೇಕಾದುದು ಕೋಷ್ಟಕವೇ. ಒಂದೇ ಹೆಸರಿನ ಎರಡು ಸಾಲುಗಳಲ್ಲಿ, ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ತೊಡಗಿ, ಎರಡನೆಯದು ಮುಗಿಯುವ ಮುನ್ನ ಮೊದಲನೆಯದೂ ತೊಡಗುವಂತಿದ್ದರೆ ಅದು ಘರ್ಷಣೆ. ಆ ಸಾಲುಗಳು ಕೆಂಪಾಗಲಿ. ಮದುವೆ, ಕೋಲ ಮುಂತಾದ ಸ್ವಂತ ಕೆಲಸಗಳ ವಿವರ ನಮಗೆ ಬೇಡ. ಕೆಲಸದವರು ಒಪ್ಪಿದರೆ ತಮ್ಮ ಕ್ಯಾಲೆಂಡರಿನಲ್ಲಿ ‘ಬಿಡುವು ಉಂಟೋ ಇಲ್ಲವೋ’ ಎಂಬಷ್ಟನ್ನೇ ಹಂಚಬಹುದು.

ಕೋಷ್ಟಕಕ್ಕೂ ಆಜ್ಞಾಪಟ್ಟಿಗೂ ಭಾರತದ ವೇಳೆಯನ್ನೇ ಹೊಂದಿಸಿರಿ. ಗ್ರೀನಿಚ್ ವೇಳೆಯಿದ್ದರೆ ಬೆಳಗ್ಗೆ 7 ಗಂಟೆಯ ಕೆಲಸ 12.30ಕ್ಕೆ ಕಂಡೀತು. ಎಚ್ಚರಿಕೆಯ ಗಂಟೆಯನ್ನು ಅವರವರ ಮೊಬೈಲಿನಲ್ಲಿ ಅವರವರೇ ಇಟ್ಟುಕೊಳ್ಳಬೇಕು. ನಾವು ಇಟ್ಟುದು ಅವರಲ್ಲಿ ಬಾರಿಸದು. ಮೊದಲ ದಿನ ಜೊತೆಗೆ ಕುಳಿತು ಇದನ್ನು ಮಾಡಿಸಿದರೆ ಒಳ್ಳೆಯದು. ನಮ್ಮ ಪೈಕಿ ಹಿರಿಯರೊಬ್ಬರಲ್ಲಿ ಇಂದಿಗೂ ಗುಂಡಿ ಒತ್ತುವ ಫೋನೇ ಇದೆ. ಅವರಿಗೆ ಹಿಂದಿನ ಸಂಜೆ ಕರೆಮಾಡಿ ಹೇಳುತ್ತೇವೆ. ‘ಹೇಳಿಯಾಯಿತು’ ಎಂದು ಗುರುತು ಹಾಕಲು ಕೋಷ್ಟಕದಲ್ಲಿ ಬೇರೆ ಅಂಕಣವಿದೆ.